ಎಂಟರ್‌ಟೇನ್‌ಮೆಂಟ್ ವೀಕ್ಲಿ: ಪ್ರಿಂಟ್ ನಿಂತ್ರೂ ಹಳೇ ರಿವ್ಯೂಗಳಿಗೋಸ್ಕರ ಓದ್ಲೇಬೇಕು

ಸಿನಿಮಾ ಸುದ್ದಿ ಓದೋ ಚಟ ಇರೋರಿಗೆ ಎಂಟರ್‌ಟೇನ್‌ಮೆಂಟ್ ವೀಕ್ಲಿ ಹೆಸರು ಗೊತ್ತೇ ಇರತ್ತೆ. ಅಮೆರಿಕದ ಮ್ಯಾಗಜಿನ್, 1990ರ ಫೆಬ್ರವರಿಲಿ ಶುರುವಾಯ್ತು, 2022ರಲ್ಲಿ ಪ್ರಿಂಟ್ ನಿಲ್ಲಿಸಿದ್ರು, ಈಗ ವೆಬ್‌ಸೈಟ್ ನಡೀತಿದೆ. ಆ ಸೈಟಲ್ಲೇ ತೊಂಬತ್ತರ ದಶಕದ ರಿವ್ಯೂಗಳು, ಇಂಟರ್‌ವ್ಯೂಗಳು ಬೇಕಾದಷ್ಟು ಸಿಗತ್ತೆ, ನಾನು ಹೇಳಕ್ಕೆ ಹೊರಟಿರೋದು ಮುಖ್ಯವಾಗಿ ಅವುಗಳ ಬಗ್ಗೆನೇ. ಸ್ಟಾರ್‌ಗಳ ಸುದ್ದೀನ ಹೇಗೆ ಬರೀಬೇಕು, ಬರೆಯೋರು ಎಲ್ಲಿ ಮುಲಾಜಿಗೆ ಬೀಳ್ತಾರೆ, ಎರಡೂ ಈ ಒಂದು ಮ್ಯಾಗಜಿನ್‌ನಲ್ಲಿ ಚೆನ್ನಾಗಿ ಕಾಣತ್ತೆ.

ಇದನ್ನ ತಂದ ಟೈಮ್ ಇಂಕ್ ಕಂಪನಿ ಹತ್ರ ಆಗ್ಲೇ ಪೀಪಲ್ ಇತ್ತು, 1974ರಿಂದ. ಅದು ವ್ಯಕ್ತಿಗಳ ಮ್ಯಾಗಜಿನ್, ಮದುವೆ ಆಯ್ತಾ, ಬಿಟ್ರಾ, ಮಗು ಆಯ್ತಾ, ಕಾಯಿಲೆ ಬಂತಾ. ಇನ್ನೊಂದು ಕಡೆ ವೆರೈಟಿ, 1905ರಿಂದ ಇದೆ, ಅದು ಇಂಡಸ್ಟ್ರಿ ಒಳಗಿನವರಿಗೆ, ಯಾರು ಯಾವ ಡೀಲ್ ಮಾಡಿದ್ರು ಅನ್ನೋದೇ ಅದಕ್ಕೆ ದೊಡ್ಡ ಸುದ್ದಿ. ಟಿವಿ ಗೈಡ್ 1953ರಲ್ಲಿ ಬಂದಿದ್ದು, ಯಾವ ಚಾನೆಲ್‌ನಲ್ಲಿ ಎಷ್ಟೊತ್ತಿಗೆ ಏನಿದೆ ಅಂತ ನೋಡ್ಕೊಳಕ್ಕೆ. ಇವೆಲ್ಲದರ ಮಧ್ಯ ಒಂದು ಜಾಗ ಖಾಲಿ ಇತ್ತು ನೋಡಿ, ಟಿಕೆಟ್ ತಗೊಂಡು ಹೋಗೋ ಮಾಮೂಲಿ ಪ್ರೇಕ್ಷಕನಿಗೆ ಈ ಸಿನಿಮಾ ಹೇಗಿದೆ, ಈ ಸೀರಿಯಲ್ ಯಾಕೆ ನಿಂತೋಯ್ತು, ಕಳೆದ ವಾರ ಯಾವುದು ಎಷ್ಟು ಕಲೆಕ್ಷನ್ ಮಾಡ್ತು, ಇದನ್ನೆಲ್ಲ ಒಂದೇ ಕಡೆ, ಅವನಿಗೆ ಅರ್ಥ ಆಗೋ ಭಾಷೇಲಿ ಹೇಳೋದು. ಸಿನಿಮಾ, ಟಿವಿ, ಹಾಡು, ಪುಸ್ತಕ, ವಿಡಿಯೋ ಎಲ್ಲಾನೂ ಒಂದೇ ಸಂಚಿಕೇಲಿ ಹಾಕಿ ಆ ಜಾಗ ತುಂಬಿದ್ದು ಇವರು.

ಇವರ ರಿವ್ಯೂಗಳ ಗ್ರೇಡ್ ಪದ್ಧತಿ ನನಗೆ ತುಂಬಾ ಇಷ್ಟ. ಸ್ಟಾರ್ ಕೊಡಲ್ಲ, ಪರೀಕ್ಷೆ ಪೇಪರ್ ತಿದ್ದಿದಂಗೆ ಎ, ಬಿ, ಸಿ, ಡಿ, ಎಫ್, ಪಕ್ಕದಲ್ಲಿ ಪ್ಲಸ್ಸೋ ಮೈನಸ್ಸೋ. ಏನ್ ಮಹಾ ಅನ್ನಿಸಬಹುದು, ಆದ್ರೆ ಇದರಿಂದ ಬರೆಯೋರು ಅಡ್ಡಗೋಡೆ ಮೇಲೆ ದೀಪ ಇಡಕ್ಕಾಗಲ್ಲ. ಹೀರೋ ಚೆನ್ನಾಗಿ ಮಾಡಿದ್ದಾರೆ, ಛಾಯಾಗ್ರಹಣ ಕಣ್ಣಿಗೆ ಹಬ್ಬ, ಎರಡನೇ ಭಾಗ ಸ್ವಲ್ಪ ಎಳೆದಂಗಾಯ್ತು, ಒಮ್ಮೆ ನೋಡಬಹುದು ಅಂತ ಬರೆದು ತಪ್ಪಿಸ್ಕೊಳ್ಳೋ ರಿವ್ಯೂಗಳು ಇವೆಯಲ್ಲ, ಅಂಥದ್ದರ ಕೆಳಗೆ ಸಿ ಮೈನಸ್ ಹಾಕ್ಬೇಕು ಅಂದ್ರೆ ಯಾಕೆ ಸಿ ಮೈನಸ್ ಅಂತ ಮೇಲಿನ ಪ್ಯಾರಾಗಳಲ್ಲಿ ಹೇಳ್ಲೇಬೇಕಾಗತ್ತೆ. ಹಳೇ ರಿವ್ಯೂ ಒಂದನ್ನ ತೆಗೆದು ಮೊದಲು ಕೆಳಗಿನ ಗ್ರೇಡ್ ನೋಡಿ, ಆಮೇಲೆ ಮೇಲಿಂದ ಓದ್ತಾ ಬನ್ನಿ. ಕಥೆ ಹೇಳೋದು ಸ್ವಲ್ಪನೇ, ಉಳಿದಿದ್ದೆಲ್ಲ ಆ ಸೀನ್ ಯಾಕೆ ಕೂತಿಲ್ಲ, ಈ ನಟಿ ಮುಖದಲ್ಲಿ ಏನಾಯ್ತು ಅನ್ನೋ ವಿವರ, ಬಿ ಪ್ಲಸ್ಸಿಗೂ ಎ ಮೈನಸ್ಸಿಗೂ ಇರೋ ವ್ಯತ್ಯಾಸ ಆ ವಿವರದಲ್ಲೇ ಸಿಗತ್ತೆ. ಸಿನಿಮಾಗೆ ಓವನ್ ಗ್ಲೈಬರ್‌ಮನ್ 1990ರಿಂದ 2014ರ ತನಕ ಬರೆದ್ರು, ಆಮೇಲೆ ವೆರೈಟಿಗೆ ಹೋದ್ರು, ಟಿವಿಗೆ ಕೆನ್ ಟಕರ್ ಇದ್ರು. ಒಬ್ಬನೇ ವಿಮರ್ಶಕ ಅಷ್ಟು ವರ್ಷ ಬರೆದಾಗ ಓದೋನಿಗೆ ಅವನ ರುಚಿ ಗೊತ್ತಾಗಿಬಿಡತ್ತೆ, ಇವನು ಬೈದಿದ್ದಾನೆ ಅಂದ್ರೆ ನನಗೆ ಇಷ್ಟ ಆಗಬಹುದು ಅಂತಾನೂ ಅಂದಾಜು ಮಾಡಬಹುದು, ಅಷ್ಟು ಪರಿಚಯ ಆಗಕ್ಕೆ ವರ್ಷಗಟ್ಟಲೆ ಅದೇ ಹೆಸರು ಕಾಣಿಸ್ಬೇಕು.

ಇದನ್ನ ಓದುವಾಗ ಇನ್ನೊಂದು ವಿಷಯ ತಲೇಲಿ ಇಟ್ಕೊಂಡಿರ್ಬೇಕು. ಮ್ಯಾಗಜಿನ್ ಶುರುವಾದ ಹೊತ್ತಿಗೇ ಟೈಮ್ ಇಂಕ್ ಹೋಗಿ ವಾರ್ನರ್ ಜೊತೆ ಸೇರಿ ಟೈಮ್ ವಾರ್ನರ್ ಆಗಿತ್ತು, ಅಂದ್ರೆ ಸಿನಿಮಾ ತೆಗೆಯೋ ವಾರ್ನರ್ ಬ್ರದರ್ಸೂ ಅದಕ್ಕೆ ಗ್ರೇಡ್ ಕೊಡೋ ಮ್ಯಾಗಜಿನ್ನೂ ಒಂದೇ ಯಜಮಾನರ ಕೈಯಲ್ಲಿ. 2014ರ ತನಕ ಹೀಗೇ ಇತ್ತು. ಅದಕ್ಕೇ ಎಲ್ಲಾ ರಿವ್ಯೂ ಸುಳ್ಳು ಅಂತ ನಾನು ಹೇಳಲ್ಲ, ವಾರ್ನರ್ ಸಿನಿಮಾಗಳಿಗೂ ಕಡ್ಡಿ ಮುರಿದಂಗೆ ಕೆಟ್ಟ ಗ್ರೇಡ್ ಕೊಟ್ಟಿದ್ದು ಅಲ್ಲೇ ಸಿಗತ್ತೆ. ಆದ್ರೂ ಯಾವ ಮನರಂಜನಾ ಪತ್ರಿಕೆ ಓದಿದ್ರೂ ಅದು ಯಾರದ್ದು ಅಂತ ಮೊದಲು ನೋಡಿ.

ಕವರ್ ಸ್ಟೋರಿಗಳ ವಿಷಯಕ್ಕೆ ಬಂದ್ರೆ ನನಗೆ ಅಷ್ಟು ಸಮಾಧಾನ ಇಲ್ಲ. ದೊಡ್ಡ ಸಿನಿಮಾದ ಫಸ್ಟ್ ಲುಕ್ ನಮ್ಮಲ್ಲೇ ಮೊದಲು ಅಂತ ಹಾಕ್ತಾರೆ, ಫೋಟೋ ಸ್ಟುಡಿಯೋ ಕೊಟ್ಟಿದ್ದು, ಮಾತಾಡೋರು ನಿರ್ದೇಶಕ ಮತ್ತೆ ನಟರು, ಎಲ್ಲರೂ ಸಿನಿಮಾ ಅದ್ಭುತವಾಗಿ ಬಂದಿದೆ ಅಂತಾನೇ ಹೇಳೋದು, ಸಿನಿಮಾನ ಇನ್ನೂ ಹೊರಗಿನವರು ಯಾರೂ ನೋಡಿರಲ್ಲ. ಇದು ಇವರೊಬ್ಬರ ಕಥೆ ಅಲ್ಲ, ಈ ಕೆಲಸ ನಡೆಯೋ ರೀತಿನೇ ಹಾಗೆ. ರಿಲೀಸ್ ಹತ್ರ ಬಂದಾಗ ಜಂಕೆಟ್ ಅಂತ ಮಾಡ್ತಾರೆ, ಹೋಟೆಲ್ ರೂಮಲ್ಲಿ ನಟನನ್ನ ಕೂರಿಸಿ ಪತ್ರಕರ್ತರನ್ನ ಒಬ್ಬೊಬ್ಬರಾಗಿ ಒಳಗೆ ಬಿಡ್ತಾರೆ, ಪ್ರತಿಯೊಬ್ಬರಿಗೂ ಸಿಗೋದು ಕೆಲವೇ ನಿಮಿಷ, ಪಕ್ಕದಲ್ಲಿ ಪಬ್ಲಿಸಿಸ್ಟ್, ಅಂದ್ರೆ ಪ್ರಚಾರ ನೋಡ್ಕೊಳ್ಳೋರು, ಕೂತಿರ್ತಾರೆ, ಬೇಡದ ಪ್ರಶ್ನೆ ಕೇಳಿದ್ರೆ ಟೈಮ್ ಆಯ್ತು ಅಂತ ಎಬ್ಬಿಸಿಬಿಡ್ತಾರೆ. ಹಂಗಾಗಿ ಒಂದೇ ವಾರ ಎಲ್ಲಾ ಕಡೆ ಒಬ್ಬ ನಟನ ಅದೇ ಶೂಟಿಂಗ್ ಪ್ರಸಂಗ ಓದಿದ್ರೆ ಆಶ್ಚರ್ಯ ಪಡ್ಬೇಡಿ. ನಟನ ಜೊತೆ ಜಾಸ್ತಿ ಹೊತ್ತು ಕಳೆದು, ಸೆಟ್‌ಗೆ ಹೋಗಿ, ಎಡಿಟರ್ ಹತ್ರ, ಬರಹಗಾರರ ಹತ್ರ ಮಾತಾಡಿ ಬರೆದ ಲೇಖನ ಓದಿದ ತಕ್ಷಣ ಗೊತ್ತಾಗತ್ತೆ, ಅದರಲ್ಲಿ ಏನೋ ಒಂದು ಕೆಟ್ಟೋಗಿದ್ದು, ಅದನ್ನ ಹೇಗೆ ಸರಿ ಮಾಡಿದ್ರು ಅನ್ನೋದು ಇರತ್ತೆ.

ಗಾಸಿಪ್ ವಿಷಯದಲ್ಲಿ ಹಳೇ ವೀಕ್ಲಿ ಸಂಯಮ ನನಗೆ ಹಿಡಿಸಿತು. ಸ್ಟಾರ್ ಮನೆ ಜಗಳಕ್ಕಿಂತ ಅವರ ಕೆಲಸಕ್ಕೆ ಜಾಗ ಜಾಸ್ತಿ. ಈಗ ಬೇರೆ ಎಷ್ಟೋ ಸೈಟ್‌ಗಳಲ್ಲಿ ದಂಪತಿಗೆ ಆಪ್ತರೊಬ್ಬರು ಹೇಳಿದ ಪ್ರಕಾರ ಅಂತ ಶುರುವಾಗತ್ತೆ ಸುದ್ದಿ, ಆ ಆಪ್ತರು ಗೆಳೆಯರೋ, ಪಬ್ಲಿಸಿಸ್ಟೋ, ಅಲ್ಲ ಸ್ಟಾರೇ ಹೇಳಿಸಿದ್ದೋ ತಿಳಿಯೋ ದಾರಿನೇ ಇಲ್ಲ, ಅದನ್ನ ಇನ್ನೊಂದು ಸೈಟ್ ಎತ್ಕೊಳತ್ತೆ, ಮೂರನೇದು ಆ ಎರಡನ್ನೂ ಹೆಸರಿಸಿ ವರದಿಗಳು ಹೇಳ್ತಿವೆ ಅಂತ ಬರೆಯತ್ತೆ. ಮೂಲ ಮಾತ್ರ ಹೆಸರಿಲ್ಲದ ಒಬ್ಬನೇ. ಸ್ಟಾರ್ ಕೂಡ ಮನುಷ್ಯರೇ ಅಲ್ವಾ, ಅವರ ಮನೇಲಿ ಮಕ್ಕಳಿರ್ತಾರೆ, ಇಂಥ ಗಾಳಿಸುದ್ದಿ ಆ ಮಕ್ಕಳ ಕಣ್ಣಿಗೂ ಬೀಳತ್ತೆ, ನನಗೆ ಇದು ನಿಜವಾಗ್ಲೂ ಸಿಟ್ಟು ತರಿಸತ್ತೆ.

ಇನ್ನೊಂದೆರಡು ವಿಷಯ ಬೇಗ ಹೇಳ್ಬಿಡ್ತೀನಿ. ಹಾರರ್ ಕಾದಂಬರಿಗಳಿಗೆ ಹೆಸರಾದ ಸ್ಟೀಫನ್ ಕಿಂಗ್ 2003ರಿಂದ ಕೆಲವು ವರ್ಷ ಇಲ್ಲಿ ಕಾಲಂ ಬರೆದ್ರು, ತಮಗೆ ಇಷ್ಟ ಆದ ಪುಸ್ತಕ, ಸೀರಿಯಲ್, ಹಾಡು ಬಗ್ಗೆ ಒಬ್ಬ ಅಭಿಮಾನಿ ಥರ. ಟಿವಿ ಎಪಿಸೋಡ್ ಬಂದ ಮೇಲೆ ಅದನ್ನ ಬಿಡಿಸಿ ಬರೆಯೋ ರೀಕ್ಯಾಪ್‌ಗಳು ಕೂಡ ಸೈಟಲ್ಲಿ ಚೆನ್ನಾಗಿವೆ, ಆದ್ರೆ ಎಪಿಸೋಡ್ ನೋಡದೆ ತೆಗೀಬೇಡಿ, ಎಲ್ಲಾ ಗುಟ್ಟೂ ಮೊದಲ ಸಾಲಲ್ಲೇ ಇರತ್ತೆ.

2019ರಲ್ಲಿ ಇದು ತಿಂಗಳಿಗೊಂದು ಸಂಚಿಕೆ ಆಯ್ತು, ಹೆಸರಲ್ಲಿ ವೀಕ್ಲಿ ಹಾಗೇ ಉಳೀತು. ಸುದ್ದಿ ಫೋನಿಗೆ ಆ ಕ್ಷಣವೇ ಬರೋ ಕಾಲದಲ್ಲಿ ವಾರ ಕಾಯೋರು ಕಮ್ಮಿ ಆದ್ರು, ಜಾಹೀರಾತು ದುಡ್ಡೂ ಆನ್‌ಲೈನ್ ಕಡೆ ಹೋಯ್ತು. ಈಗಿನ ಸೈಟಲ್ಲಿ ದಿನದ ಸುದ್ದಿ ತುಂಬಾ ಇದೆ, ಅದು ಎಲ್ಲಾ ಕಡೆ ಸಿಗೋದೇ. ಹೊಸಬರಾದ್ರೆ ನೀವು ಈಗಾಗ್ಲೇ ನೋಡಿರೋ ಒಂದು ತೊಂಬತ್ತರ ದಶಕದ ಸಿನಿಮಾ ಹೆಸರು ಹುಡುಕಿ, ಅದು ರಿಲೀಸ್ ಆದ ವಾರ ಬರೆದ ರಿವ್ಯೂ ಓದಿ, ಆಗಿನ್ನೂ ಯಾರಿಗೂ ಅದು ಹಿಟ್ಟಾಗತ್ತಾ ಇಲ್ವಾ ಗೊತ್ತಿರ್ಲಿಲ್ಲ. ನಿಮ್ಮ ಗ್ರೇಡ್ ಬೇರೆ ಇದ್ರೆ ಇನ್ನೂ ಒಳ್ಳೇದು, ಹಾಗೇ ಇನ್ನೊಂದು ಹುಡುಕಿ ಓದ್ತೀರ.