ಒಂದೂವರೆ ಶ್ರುತಿಗೆ ಗಿಟಾರ್: ಕ್ಯಾಪೊ ಹಾಕುವುದೋ, ತಂತಿ ಇಳಿಸುವುದೋ?

ಭಾವಗೀತೆಗಳಿಗೆ ಅಕೌಸ್ಟಿಕ್ ಗಿಟಾರ್ ನುಡಿಸುವವರು ಗಾಯಕರ ಶ್ರುತಿಗೆ ಹೊಂದಿಕೊಳ್ಳಲೇಬೇಕು. ಪುರುಷ ಗಾಯಕರಲ್ಲಿ ಸಾಮಾನ್ಯವಾದ ಒಂದೂವರೆ, ಅಂದರೆ ಸಿ ಶಾರ್ಪ್, ಗಿಟಾರಿನ ತೆರೆದ, ಅಂದರೆ ಬೆರಳಿನಿಂದ ಒತ್ತದ, ತಂತಿಗಳಿಗೆ ಒಗ್ಗುವುದಿಲ್ಲ. ಆಗ ಮೊದಲ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಕ್ಯಾಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿ ಸಿ ಮೇಳದ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು) ಹಿಡಿಯಬಹುದು, ಇಲ್ಲವೇ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಡಿ ಮೇಳದ ಕಾರ್ಡ್‌ಗಳನ್ನು ಹಿಡಿಯಬಹುದು. ಎರಡನ್ನೂ ಒಂದೇ ವಾದ್ಯದಲ್ಲಿ ನುಡಿಸಿ, ಟ್ಯೂನರ್ ಇಟ್ಟು ನೋಡಿದ್ದೇನೆ.

ಕ್ಯಾಪೊಗಳಲ್ಲಿ ಸ್ಪ್ರಿಂಗ್ ಇರುವುದು ಒಂದೇ ಕೈಯಲ್ಲಿ ಕ್ಷಣದಲ್ಲಿ ಕೂರುತ್ತದೆ. ಆದರೆ ಅದರ ಒತ್ತಡವನ್ನು ಬದಲಿಸಲಾಗದ ಕಾರಣ, ಅದು ಅಗತ್ಯಕ್ಕಿಂತ ಬಿಗಿಯಾಗಿ ಒತ್ತಿದಾಗ ತಂತಿ ಫ್ರೆಟ್‌ನ ಆಚೆಗೆ ಕೆಳಕ್ಕೆ ಬಾಗಿ ಹಿಗ್ಗುತ್ತದೆ, ಸ್ವರ ಮೇಲೇರುತ್ತದೆ. ನನ್ನ ಗಿಟಾರಿನಲ್ಲಿ ಇದು ದಪ್ಪ ತಂತಿಗಳಲ್ಲೇ ಎದ್ದು ಕಂಡಿತು. ಫ್ರೆಟ್‌ಗಳು ಎತ್ತರವಾಗಿದ್ದಷ್ಟೂ ಈ ತೊಂದರೆ ಹೆಚ್ಚು. ತಿರುಪು ಇರುವ ಕ್ಯಾಪೊ ಕೂರಿಸಲು ಕೆಲವು ಕ್ಷಣ ಹೆಚ್ಚು ಬೇಕು, ಆದರೆ ತಂತಿ ಬಝ್ ಮಾಡದಿರುವಷ್ಟೇ ಬಿಗಿ ಮಾಡಿ ಅಲ್ಲಿಗೆ ನಿಲ್ಲಿಸಬಹುದು. ಅದನ್ನು ಫ್ರೆಟ್‌ಗೆ ತೀರ ಹತ್ತಿರ, ಅದರ ಹಿಂದೆಯೇ ನೇರವಾಗಿ ಕೂರಿಸಿದರೆ ಬಹುಪಾಲು ಹಾಡುಗಳಿಗೆ ಬಿರಡೆ ಮುಟ್ಟುವ ಅಗತ್ಯವೇ ಬರಲಿಲ್ಲ. ಎಲಾಸ್ಟಿಕ್ ಪಟ್ಟಿಯದು ಅಗ್ಗ. ಪಟ್ಟಿ ಸಡಿಲವಾದಂತೆ ಒತ್ತಡವೂ ಬದಲಾಗುವುದರಿಂದ ನಾನು ಅದನ್ನು ಶಿಫಾರಸು ಮಾಡಲಾರೆ.

ತಂತಿ ಇಳಿಸುವ ದಾರಿಯಲ್ಲಿ ತೊಡಕು ಬೇರೆಯೇ. ಶ್ರುತಿ ಅರ್ಧ ಸ್ವರ ಇಳಿದರೆ ತಂತಿಯ ಬಿಗಿತ ಸುಮಾರು 11 ಪ್ರತಿಶತ ಕಡಿಮೆಯಾಗುತ್ತದೆ. ಆರೂ ತಂತಿಗಳ ಎಳೆತ ಒಟ್ಟಿಗೆ ತಗ್ಗಿದಾಗ ಗಿಟಾರಿನ ಕತ್ತು ಸ್ವಲ್ಪ ಹಿಂದಕ್ಕೆ ಸರಿಯುವುದರಿಂದ, ಆರನೆಯ ತಂತಿ ಮುಗಿಸಿ ಮೊದಲಿನದನ್ನು ಮತ್ತೆ ನೋಡಿದರೆ ಅದು ಮೇಲೇರಿರುತ್ತದೆ. ಎರಡನೆಯ ಸುತ್ತು ಕಡ್ಡಾಯ. ಪ್ರತಿ ತಂತಿಯನ್ನೂ ಬೇಕಾದ ಸ್ವರಕ್ಕಿಂತ ಕೆಳಗೆ ಇಳಿಸಿ, ಆಮೇಲೆ ಮೇಲಕ್ಕೆ ತಂದು ನಿಲ್ಲಿಸಬೇಕು. ಇಲ್ಲವಾದರೆ ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯಾದ ನಟ್‌ನ ಸಂದಿನಲ್ಲಿ ಸಿಕ್ಕಿಕೊಂಡ ತಂತಿ ಹಾಡಿನ ನಡುವೆ ಜಾರುತ್ತದೆ. ಆ ಸಂದಿಗೆ ಪೆನ್ಸಿಲ್ ಸೀಸ ಉಜ್ಜಿದರೆ ಜಾರಾಟ ಸುಗಮವಾಗುತ್ತದೆ.

ಇಷ್ಟು ಶ್ರಮಕ್ಕೆ ಸಿಗುವ ನಾದವನ್ನು ಕ್ಯಾಪೊ ಕೊಡಲಾರದು. ಇಳಿಸಿದ ಗಿಟಾರಿನ ಆರನೆಯ ತಂತಿಯನ್ನು ಇನ್ನೊಂದು ಪೂರ್ಣ ಸ್ವರ ಇಳಿಸಿದರೆ ಅದು 69.3 ಹರ್ಟ್ಸ್‌ನ ಸಿ ಶಾರ್ಪ್ ಆಗಿ, ಗಾಯಕರ ಷಡ್ಜವೇ ಮಂದ್ರದಲ್ಲಿ ತೆರೆದ ತಂತಿಯಾಗಿ ಮೊಳಗುತ್ತದೆ. ಮೊದಲ ಫ್ರೆಟ್‌ನ ಕ್ಯಾಪೊದೊಂದಿಗೆ ಸಿ ಕಾರ್ಡ್ ಹಿಡಿದಾಗ ಸಿಗುವ ಅತಿ ಕೆಳಗಿನ ಷಡ್ಜ ಇದಕ್ಕಿಂತ ಒಂದು ಸ್ಥಾಯಿ ಮೇಲಿನದು. ನಿಧಾನಗತಿಯ ಹಾಡುಗಳಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

ಹಾಗಾಗಿ ಇಡೀ ಕಾರ್ಯಕ್ರಮ ಒಂದೇ ಶ್ರುತಿಯಲ್ಲಿದ್ದರೆ ನಾನು ತಂತಿಗಳನ್ನೇ ಇಳಿಸುತ್ತೇನೆ. ಒಂದೂವರೆಯಲ್ಲಿ ಹಾಡುವವರ ನಂತರ ಐದೂವರೆಯಲ್ಲಿ, ಅಂದರೆ ಜಿ ಶಾರ್ಪ್‌ನಲ್ಲಿ, ಹಾಡುವ ಗಾಯಕಿ ಬಂದರೆ ತಿರುಪಿನ ಕ್ಯಾಪೊವೇ ಸರಿ. ಸ್ಪ್ರಿಂಗ್ ಕ್ಯಾಪೊ ಅಭ್ಯಾಸದ ಹೊತ್ತಿಗೆ ಸಾಕು. ಆದರೆ ಯಾವ ಕ್ಯಾಪೊ ಆದರೂ ಅದನ್ನು ಹಾಕಿದ ಮೇಲೆ ಶ್ರುತಿ ಮಾಡಿದ್ದರೆ, ತೆಗೆದ ಮೇಲೆ ತೆರೆದ ತಂತಿಗಳನ್ನು ಮತ್ತೆ ನೋಡದೆ ಮುಂದಿನ ಹಾಡು ಆರಂಭಿಸಬಾರದು.