ಚಳಿಗಾಲದಲ್ಲಿ ಕಿಟಕಿಯಿಂದ ಹಕ್ಕಿ ಫೋಟೊ ತೆಗೆಯುವವರು ಇದನ್ನೊಮ್ಮೆ ಓದಿ

ಜನವರಿ, ಅಮೆರಿಕದ ಮಿನೆಸೋಟ. ಹೊರಗೆ ಮೈನಸ್ 15 ಡಿಗ್ರಿ, ಒಳಗೆ 21. ಹಿತ್ತಲಿನ ಫೀಡರ್‌ಗೆ ಕಾರ್ಡಿನಲ್, ಚಿಕಡೀ, ಜಂಕೊ ಬಂದಿವೆ. ಕಿಟಕಿ ಒಂದಡಿ ಎತ್ತಿ, ಲೆನ್ಸ್ ಮೂತಿಯನ್ನು ಹೊರಗಿಟ್ಟು ನೂರಾರು ಕ್ಲಿಕ್ ಆಗುತ್ತದೆ. ಕಂಪ್ಯೂಟರಿಗೆ ಹಾಕಿ ನೋಡಿದರೆ ಒಂದರಲ್ಲೂ ಗರಿಯ ಎಳೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಫೋಕಸ್ ಕೆಟ್ಟಿದೆ ಅಂದುಕೊಂಡು ಲೆನ್ಸನ್ನು ಸರ್ವಿಸ್‌ಗೆ ಕಳಿಸಬೇಡಿ, ದುಡ್ಡು ದಂಡ.

ಕಿಟಕಿಯಿಂದ ಹೊರನುಗ್ಗುವ ಬಿಸಿಗಾಳಿ ತಣ್ಣನೆಯ ಗಾಳಿಯ ಜೊತೆ ಲೆನ್ಸಿನ ಎದುರಿಗೇ ಕಲಸಿಕೊಳ್ಳುತ್ತದೆ. ಬೇಸಿಗೆಯ ಟಾರು ರಸ್ತೆಯ ಮೇಲೆ ಕಾಣುವ ಅದೇ ಅಲುಗಾಟ. ಗುರುತು ಹಿಡಿಯುವುದು ಸುಲಭ: ಹಕ್ಕಿ ಮಿಸುಕದೆ ಕೂತಿದೆ, ಶಟರ್ ವೇಗ ಸೆಕೆಂಡಿನ 1/2000, ಆದರೂ ಸಾಲಾಗಿ ತೆಗೆದ ಫ್ರೇಮುಗಳಲ್ಲಿ ಒಂದರಲ್ಲಿ ಕಣ್ಣು ಚೂಪು, ಮುಂದಿನದರಲ್ಲಿ ಕಣ್ಣಿನ ಅಂಚು ಎರಡೆರಡು. ಅದಕ್ಕೇ ಕಿಟಕಿ ಬಿಟ್ಟು ಹೀಟರ್ ಇಲ್ಲದ ಗ್ಯಾರೇಜಿಗೆ ಹೋಗಿ, ಅಲ್ಲಿಂದ ತೆಗೆಯಿರಿ. ಕ್ಯಾಮೆರಾವನ್ನು ಅರ್ಧ ಗಂಟೆ ಮೊದಲೇ ಅಲ್ಲಿಟ್ಟು ತಣಿಯಲು ಬಿಡಿ. ಲೆನ್ಸ್ ಬೆಚ್ಚಗಿದ್ದರೆ ಅದರ ಮೂತಿಗೆ ಹಾಕುವ ಹುಡ್‌ನೊಳಗೇ ಗಾಳಿ ಅಲುಗುತ್ತಿರುತ್ತದೆ.

ಇದರಿಂದ ಹಾಳಾಗುವುದು ಫೋಟೊ ಮಾತ್ರ. ಲೆನ್ಸೇ ಹಾಳಾಗುವುದು ಮನೆಯೊಳಗೆ ಬರುವಾಗ. 21 ಡಿಗ್ರಿಯ ಕೋಣೆಯಲ್ಲಿ ಶೇ. 40 ತೇವಾಂಶವಿದ್ದರೆ 7 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ನೀರು ಕೂರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಫಂಗಸ್‌ಗೆ ಹೆದರಿ ಲೆನ್ಸ್ ಕಾಪಾಡಿದವರೂ ಇಲ್ಲಿ ‘ಹೀಟರ್ ಮನೆ, ಒಣ ಗಾಳಿ’ ಅಂತ ಮೈಮರೆಯುತ್ತಾರೆ. ಮುಂದಿನ ಗಾಜನ್ನು ಒರೆಸಿ, ಬ್ಯಾಟರಿ ಬದಲಿಸಿ, ಹತ್ತೇ ನಿಮಿಷದಲ್ಲಿ ಮತ್ತೆ ಹೊರಗೆ ಹೋದರೆ ಲೆನ್ಸಿನೊಳಗೆ ಉಳಿದ ತೇವ ಹೆಪ್ಪುಗಟ್ಟುತ್ತದೆ. ಅಪರ್ಚರ್ (ಬೆಳಕು ಬರುವ ಕಿಂಡಿ) ರೆಕ್ಕೆಗಳು ತೆರೆದಲ್ಲೇ ಅಂಟಿದರೆ, ಕಿಂಡಿ ಕಿರಿದು ಮಾಡಿ f/8ಕ್ಕೆ ಇಟ್ಟ ಫೋಟೊ ಬೆಳ್ಳಗೆ ಸುಟ್ಟಂತೆ ಬರುತ್ತದೆ. ಹಿಮದ ಪ್ರತಿಫಲನವೆಂದು ತಪ್ಪು ತಿಳಿಯುವುದು ಇಲ್ಲೇ.

ಹೊರಗಿರುವಾಗಲೇ ಮೆಮೊರಿ ಕಾರ್ಡ್ ತೆಗೆದು ಜೇಬಿಗೆ ಹಾಕಿ. ಇಲ್ಲದಿದ್ದರೆ ಫೋಟೊ ನೋಡುವ ಆತುರಕ್ಕೆ ಚೀಲ ಬಿಚ್ಚುವುದು ಖಂಡಿತ. ಕ್ಯಾಮೆರಾ, ಲೆನ್ಸ್ ಎರಡನ್ನೂ ದೊಡ್ಡ ಜಿಪ್ ಚೀಲದಲ್ಲಿಟ್ಟು, ಗಾಳಿ ಒತ್ತಿ ತೆಗೆದು ಮುಚ್ಚಿ, ಆಮೇಲೆ ಒಳಗೆ ತನ್ನಿ. ನೀರು ಚೀಲದ ಹೊರಮೈಗೆ ಕೂರುತ್ತದೆ. ಚಿಕ್ಕ ಲೆನ್ಸಿಗೆ ಒಂದೆರಡು ಗಂಟೆ, 150–600 ಎಂಎಂನಂಥ ದೊಡ್ಡ ಜೂಮ್ ಲೆನ್ಸಿಗೆ ಮೂರು ಗಂಟೆ ಬಿಡಿ. ಆಗಲೇ ಮಂಜು ಹಿಡಿದಿದ್ದರೆ ಬ್ಯಾಟರಿ ತೆಗೆದಿಡಿ, ಲೆನ್ಸ್ ಬಿಚ್ಚಬೇಡಿ, ಜೂಮ್ ತಿರುಗಿಸಬೇಡಿ. ಜೂಮ್ ತಿರುಗಿಸಿದರೆ ಲೆನ್ಸ್ ಒದ್ದೆ ಗಾಳಿಯನ್ನು ಒಳಗೆಳೆಯುತ್ತದೆ. ಹೇರ್ ಡ್ರೈಯರ್ ಅಂತೂ ಹತ್ತಿರ ತರಲೇಬೇಡಿ.