ಮಡಿಕೇರಿಯ ಹಳೆ ಪುಸ್ತಕದಂಗಡಿ: ಪುಸ್ತಕ ಬೇಕು, ಚೀಟಿ ಬೇಡ

ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ. ಶುಕ್ರವಾರದ ಸಂತೆಗೆ ಮಡಿಕೇರಿಗೆ ಬಂದಾಗಲೆಲ್ಲ ಈ ಅಂಗಡಿಗೆ ಹೋಗುತ್ತೇನೆ. 200 ರೂಪಾಯಿ ಡೆಪಾಸಿಟ್ ಇಟ್ಟರೆ ವಾರಕ್ಕೆ 20 ರೂಪಾಯಿಗೆ ಪುಸ್ತಕ ಬಾಡಿಗೆ ಸಿಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇಲ್ಲಿನ ಪುಸ್ತಕಕ್ಕೆ ಮಾತ್ರ ಇಲ್ಲ. ಅಂಗಡಿಯ ಅಕ್ಕ ಪ್ರತಿ ಕಪಾಟಿನ ಕೆಳಗೂ ಒಂದು ಬಲ್ಬ್ ಉರಿಸಿಡುತ್ತಾರೆ. ಜುಲೈನಲ್ಲೂ ಪುಸ್ತಕ ಕೈಗೆ ಬೆಚ್ಚಗೆ ಬರುತ್ತದೆ.

ನಾಟಕದ ಕಪಾಟಿನ ಮೇಲಿನ ಸಾಲಲ್ಲಿ ಹರದಾಸ ಅಪ್ಪಚ್ಚ ಕವಿಯ ಕೊಡವ ನಾಟಕಗಳಿವೆ. ಅದರ ಕೆಳಗೆ ಶೇಕ್ಸ್‌ಪಿಯರ್. ಅವನ ನಾಟಕಗಳನ್ನು ನಿಜಕ್ಕೂ ಬರೆದವರು ಯಾರು ಅನ್ನುವ ಜಗಳದ ಪುಸ್ತಕಗಳೇ 11 ಇವೆ. ಇಷ್ಟು ಚಿಕ್ಕ ಊರಲ್ಲಿ ಇದು ದೊಡ್ಡ ಮಾತು. ಆದರೆ ಒಂದೊಂದರ ಬೆನ್ನಿಗೂ ಚೀಟಿ ಅಂಟಿಸಿದ್ದಾರೆ: 'ಸ್ಟ್ರಾಟ್‌ಫರ್ಡ್ ಪಾರ್ಟಿ', 'ಆಕ್ಸ್‌ಫರ್ಡ್ ಪಾರ್ಟಿ', 'ಬೇಕನ್ ಪಾರ್ಟಿ'. ಅಂದರೆ ಬರೆದವನು ಸ್ಟ್ರಾಟ್‌ಫರ್ಡ್ ಊರಿನ ಶೇಕ್ಸ್‌ಪಿಯರೇ, ಆಕ್ಸ್‌ಫರ್ಡಿನ ಅರ್ಲ್ ಎಡ್ವರ್ಡ್ ಡಿ ವೇರ್, ಇಲ್ಲಾ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಅನ್ನುವವರು. ಎರಡರ ಮೇಲೆ ಕೆಂಪು ಪೆನ್ನಿನಲ್ಲಿ 'ತಲೆಕೆಟ್ಟವರು' ಎಂದಿತ್ತು. ಅದು ನನಗೆ ಸರಿಬರಲಿಲ್ಲ.

ಚೀಟಿ ಬರೆಯುವುದು ನನ್ನ ದಿನದ ಕೆಲಸ. 50 ಕೆ.ಜಿ. ಮೂಟೆಯ ಮೇಲೆ 'ಅರೇಬಿಕಾ ಪಾರ್ಚ್‌ಮೆಂಟ್', 'ರೋಬಸ್ಟಾ ಚೆರಿ' ಎಂದು ಕಾಫಿಯ ಬಗೆ ಬರೆಯುವ ಮೊದಲು ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ತೆಗೆಯಬೇಕು. ಒಣಗಿದೆಯಾ ಅಂತ ಬೀಜ ಹಲ್ಲಿಗೆ ಕಚ್ಚಿ ನೋಡಬೇಕು. ಯಾರ ತೋಟದಿಂದ ಬಂತು ಅಂತ ಕೇಳಿ ದರ್ಜೆ ಬರೆಯುವ ಹಾಗಿಲ್ಲ.

ಸ್ಟ್ರಾಟ್‌ಫರ್ಡಿನ ಶೇಕ್ಸ್‌ಪಿಯರೇ ಬರೆದ ಅಂತ ನಾನು ನಂಬುತ್ತೇನೆ. ಅವನು ಸತ್ತದ್ದು 1616ರಲ್ಲಿ. 1623ರಲ್ಲಿ 36 ನಾಟಕ ಸೇರಿಸಿ ಅಚ್ಚಿಗೆ ಕೊಟ್ಟವರು ಅವನ ಜೊತೆಯ ನಟರಾದ ಹೆಮಿಂಗ್ಸ್ ಮತ್ತು ಕಾಂಡೆಲ್. ಅವರಿಗೆ ಉಂಗುರ ಕೊಳ್ಳಲು ಅವನು ಉಯಿಲಿನಲ್ಲೇ ದುಡ್ಡು ಬಿಟ್ಟಿದ್ದ. ಆಕ್ಸ್‌ಫರ್ಡ್ ಪಾರ್ಟಿಯವರು ಹೇಳುವ ಎಡ್ವರ್ಡ್ ಡಿ ವೇರ್ 1604ರಲ್ಲೇ ತೀರಿಕೊಂಡ. ಆಮೇಲೂ ಹೊಸ ನಾಟಕಗಳು ಬಂದವು ಅನ್ನುತ್ತಾರೆ ಹೆಚ್ಚಿನ ವಿದ್ವಾಂಸರು.

ಇಂಥ ದಾಖಲೆ ಹುಡುಕಿದವರಿಗೂ 'ಪಾರ್ಟಿ' ಅಂತ ಚೀಟಿ ಹಚ್ಚಿದರೆ ಅವರ ಕೆಲಸ ಬರೀ ಪಕ್ಷ ಕಟ್ಟಿದಂತೆ ಕಾಣುತ್ತದೆ, ಅಲ್ವಾ? ಕೆಂಪು ಚೀಟಿಯಂತೂ ಇನ್ನೂ ಕೆಟ್ಟದ್ದು. ಒಂದು ಇದ್ದದ್ದು ಡೀಲಿಯಾ ಬೇಕನ್ ಪುಸ್ತಕದ ಮೇಲೆ. ಫ್ರಾನ್ಸಿಸ್ ಬೇಕನ್ ಮತ್ತು ಅವನ ಜೊತೆಗಾರರು ಸೇರಿ ಬರೆದರು ಅಂತ ಆಕೆ 1857ರಲ್ಲಿ ಬರೆದರು. ಕೊನೆಗಾಲದಲ್ಲಿ ಆಕೆಗೆ ಮಾನಸಿಕ ಕಾಯಿಲೆ ಬಂತು. ಆ ಕಾಯಿಲೆಯನ್ನೇ ಪುಸ್ತಕಕ್ಕೆ ಉತ್ತರ ಮಾಡಿದರೆ ಓದುವವರು ಪುಟ ತಿರುಗಿಸುವುದೇ ಇಲ್ಲ. ವಾದ ಎಲ್ಲಿ ಸೋಲುತ್ತದೆ ಅನ್ನುವುದೂ ಅವರಿಗೆ ಗೊತ್ತಾಗುವುದಿಲ್ಲ.

"ಅಕ್ಕ, ಈ ಚೀಟಿ ಯಾಕೆ?" ಎಂದೆ.

"ಕಾಲೇಜು ಮಕ್ಕಳಿಗೆ ಬೇಗ ಸಿಗ್ಲಿ ಅಂತ."

"ಹಾಗಾದ್ರೆ 'ಬೇಕನ್ ಬರೆದ ಅನ್ನುವ ವಾದ' ಅಂತ ಬರೀರಿ. ಆಳಿಗೆ ಹೆಸರಿಡೋದು ಬೇಡ."

ಅಕ್ಕ ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಬೆರಳು ಒದ್ದೆ ಮಾಡಿ ಕೆಂಪು ಚೀಟಿ ಎರಡನ್ನೂ ಉಜ್ಜಿ ತೆಗೆದರು. ಉಳಿದವನ್ನು ಮಳೆ ನಿಂತ ಮೇಲೆ ಬದಲಿಸುತ್ತಾರಂತೆ. ಡೀಲಿಯಾ ಪುಸ್ತಕ ಈ ವಾರ ನನ್ನ ಹತ್ತಿರ ಇದೆ. ಬೇಕಿದ್ದವರು ಮುಂದಿನ ಶುಕ್ರವಾರ ಮಧ್ಯಾಹ್ನದ ಮೇಲೆ ಕೇಳಿ. ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ.